ನನಗೆ ಲೂಪಸ್, ಮಾವನವರಿಗೆ ಕ್ಯಾನ್ಸರ್: ಟಿ-ರೆಗ್ ಕೋಶದ ಪಾತ್ರವೇನು?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಟೀಚರ್. ಕೆಲವು ವರ್ಷಗಳಿಂದ ನನಗೆ ಲೂಪಸ್ ಇದೆ, ಅದೇ, ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗುವ ಕಾಯಿಲೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಜೊತೆಗೆ ಸ್ವಲ್ಪ ಸ್ಟಿರಾಯ್ಡ್ ನಡೀತಿದೆ. ನಮ್ಮ ಮಾವನವರು ಇಲ್ಲಿನ ಹತ್ತಿ ಗಿರಣಿಯ ವೈಂಡಿಂಗ್ ವಿಭಾಗದಲ್ಲಿ ಕೆಲಸ ಮಾಡಿದವರು. ಅವರಿಗೆ ಬಾಯಿ ಕ್ಯಾನ್ಸರ್. ಆಪರೇಷನ್ ಆದ ಮೇಲೆ ಮತ್ತೆ ಬಂದಿದೆ. ಈಗ ಬೇರೆ ಮಾತ್ರೆಗಳ ಜೊತೆ ಕಡಿಮೆ ಡೋಸ್‌ನಲ್ಲಿ ನಿವೊಲುಮ್ಯಾಬ್ ಅನ್ನೋ ಇಂಜೆಕ್ಷನ್ ಕೊಡ್ತಿದ್ದಾರೆ. ನನ್ನ ಡಾಕ್ಟರು ‘ನಿಮ್ಮ ಇಮ್ಯುನಿಟಿ ತಗ್ಗಿಸಬೇಕು’ ಅಂತಾರೆ. ಅವರ ಡಾಕ್ಟರು ‘ಎಬ್ಬಿಸಬೇಕು’ ಅಂತಾರೆ. 2025ರ ನೊಬೆಲ್ ಸುದ್ದಿ ಬಂದಾಗ ಟಿ-ರೆಗ್ ಕೋಶಗಳ ಬಗ್ಗೆ, ಅಂದ್ರೆ ದೇಹದ ರಕ್ಷಣಾ ಕೋಶಗಳು ಅತಿಯಾಗಿ ಕೆರಳದಂತೆ ತಡೆಯುವ ಕೋಶಗಳ ಬಗ್ಗೆ ಓದಿದೆ. ಅವು ಕೈಕೊಟ್ಟರೆ ನನ್ನಂಥ ಕಾಯಿಲೆ, ಜಾಸ್ತಿಯಾದರೆ ಕ್ಯಾನ್ಸರ್‌ಗೆ ಅನುಕೂಲ ಅಂತ ಇತ್ತು. ಇದೆಲ್ಲ ಜೀನ್ ಸ್ಪ್ಲೈಸಿಂಗ್ ಮೇಲೆ ನಿಂತಿದೆ ಅಂತ ಇನ್ನೊಂದು ಕಡೆ ಓದಿದೆ. ಅದು ಹೇಗೆ? ಅದನ್ನು ಪರೀಕ್ಷೆ ಮಾಡಿಸಬಹುದಾ? ನನ್ನ ಮಗಳಿಗೂ ಬರುತ್ತಾ? ಸಕ್ಕರೆ ಬಿಟ್ಟರೆ ಟಿ-ರೆಗ್ ಸರಿಹೋಗುತ್ತೆ ಅಂತಾರೆ, ನಿಜಾನಾ? ಪಕ್ಕದ ಮನೆಯವರಂತೂ ನಮ್ಮಿಬ್ಬರಿಗೂ ಅಮೃತಬಳ್ಳಿ ಕಷಾಯ ಕುಡೀರಿ ಅಂತ ದಿನಾ ಹೇಳ್ತಿದ್ದಾರೆ.

ಉತ್ತರ: ಟೀಚರ್, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಇವತ್ತೇ ತೀರ್ಮಾನ ಆಗಬೇಕಾದ ವಿಷಯ. ಅಮೃತಬಳ್ಳಿ ಕಷಾಯ ಬೇಡ. ನಿಮಗೂ ಬೇಡ, ಮಾವನವರಿಗೂ ಬೇಡ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಇದನ್ನು ಕುದಿಸಿ ಕುಡಿದರು. 2021ರಲ್ಲಿ ಮುಂಬೈನ ಲಿವರ್ ತಜ್ಞರು, ಹೀಗೆ ಕುಡಿದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದಿದ್ದನ್ನು ವರದಿ ಮಾಡಿದರು. ದೇಹದ ಸ್ವಂತ ರೋಗನಿರೋಧಕ ಕೋಶಗಳೇ ಲಿವರ್ ಮೇಲೆ ಬಿದ್ದಂಥ ಲಕ್ಷಣ ಅಲ್ಲಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಥರ ಕಾಣುವ ಬೇರೆ ಬಳ್ಳಿ ಆಗಿರಬಹುದು, ಗಿಡವನ್ನು ಸರಿಯಾಗಿ ಗುರುತಿಸಿಲ್ಲ ಅಂದಿತು. ಆ ವಾದ ಏನೇ ಇರಲಿ, ಲೂಪಸ್ ಇರುವವರು ಇಂಥ ಅಪಾಯ ತೆಗೆದುಕೊಳ್ಳಬಾರದು. ಇನ್ನು ನಿವೊಲುಮ್ಯಾಬ್ ತಾನೇ ಕೆಲವರಲ್ಲಿ ಲಿವರ್ ಉರಿಯೂತ ತರುತ್ತದೆ. ಅದರ ಮೇಲೆ ಕಷಾಯವೂ ಸೇರಿದರೆ, ನಾಳೆ ಮಾವನವರ ಲಿವರ್ ರಿಪೋರ್ಟ್ ಏರುಪೇರಾದಾಗ ಯಾವುದರಿಂದ ಆಯಿತು ಅಂತ ಅವರ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಒಳ್ಳೆಯ ಔಷಧವನ್ನು ಸುಮ್ನೆ ನಿಲ್ಲಿಸಬೇಕಾಗಿ ಬರಬಹುದು. ಪಕ್ಕದ ಮನೆಯವರ ಪ್ರೀತಿಗೆ ಥ್ಯಾಂಕ್ಸ್ ಹೇಳಿ, ಕಷಾಯ ಮಾತ್ರ ಬೇಡ ಅನ್ನಿ.

ಈಗ ನಿಮ್ಮ ಅಸಲು ಪ್ರಶ್ನೆ. ‘ತಗ್ಗಿಸಬೇಕು’, ‘ಎಬ್ಬಿಸಬೇಕು’ ಅನ್ನುವ ಮಾತು ನಾವು ಡಾಕ್ಟರುಗಳೇ ಅವಸರದಲ್ಲಿ ಆಡುವ ಮಾತು. ಹೊರಗೆ ಹತ್ತಾರು ರೋಗಿಗಳು ಕಾಯುತ್ತಿರುತ್ತಾರೆ, ಇಷ್ಟರಲ್ಲೇ ಮುಗಿಸುತ್ತೇವೆ. ಆದರೆ ಇಮ್ಯುನಿಟಿ ಅನ್ನುವುದು ಅಳತೆ ಕೋಲಿನಲ್ಲಿ ಜಾಸ್ತಿ-ಕಡಿಮೆ ಅಂತ ಅಳೆಯುವ ಒಂದೇ ವಸ್ತು ಅಲ್ಲ. ನಿಮ್ಮನ್ನೇ ನೋಡಿ. ಲೂಪಸ್‌ನಲ್ಲಿ ದೇಹ ತನ್ನದೇ ಡಿಎನ್‌ಎ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ತಯಾರಿಸುತ್ತದೆ. ಹಾಗಂತ ಲೂಪಸ್ ಇರುವವರಿಗೆ ಸೋಂಕು ಕಡಿಮೆ ಬರುತ್ತದಾ? ಇಲ್ಲ, ಬೇರೆಯವರಿಗಿಂತ ಜಾಸ್ತಿಯೇ ಬರುತ್ತದೆ. ಮಾವನವರ ದೇಹ ಸಾಮಾನ್ಯ ನೆಗಡಿಯನ್ನು ವಾರದಲ್ಲಿ ಓಡಿಸಬಹುದು, ಆದರೆ ಬಾಯಿಯಲ್ಲಿ ಬೆಳೆಯುತ್ತಿರುವ ಗಡ್ಡೆಯನ್ನು ಮುಟ್ಟುವುದಿಲ್ಲ. ಎಲ್ಲಿ, ಯಾರ ವಿರುದ್ಧ, ಎಷ್ಟು ಹೊತ್ತು ಅನ್ನುವುದೇ ಇಲ್ಲಿ ಮುಖ್ಯ. ಅದನ್ನು ನೋಡಿಕೊಳ್ಳುವವರಲ್ಲಿ ಟಿ-ರೆಗ್ ಕೋಶಗಳದು ದೊಡ್ಡ ಪಾಲು.

ಈ ಕೋಶಗಳ ಕಥೆ ಒಂದು ಕಾಯಿಲೆಯ ಇಲಿಯಿಂದ ಶುರುವಾಯಿತು. 1940ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ಕೆಲವು ಗಂಡು ಇಲಿಮರಿಗಳು ಮೈಯೆಲ್ಲ ಹೊಟ್ಟು ಹೊಟ್ಟಾಗಿ ಹುಟ್ಟಿದವು. ಗುಲ್ಮ (ಸ್ಪ್ಲೀನ್) ಊದಿಕೊಂಡು ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಆ ತಳಿಗೆ ‘ಸ್ಕರ್ಫಿ’ ಅಂತ ಹೆಸರಾಯಿತು. ಗಂಡುಮರಿಗಳೇ ಸಾಯುತ್ತಿದ್ದುದರಿಂದ ದೋಷ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ ಅನ್ನುವುದು ಸ್ಪಷ್ಟವಿತ್ತು. ಆದರೆ ಯಾವ ಜೀನ್ ಅಂತ ಹಿಡಿಯಲು ಅರ್ಧ ಶತಮಾನ ಬೇಕಾಯಿತು. ಅಷ್ಟರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಬೇರೆ ದಾರಿಯಲ್ಲಿ ಅದೇ ಜಾಗಕ್ಕೆ ಬರುತ್ತಿದ್ದರು. 1995ರಲ್ಲಿ ಅವರು ತೋರಿಸಿದ್ದು ಇದು: ಮೈಮೇಲೆ ಸಿಡಿ25 ಅನ್ನುವ ಗುರುತು ಹೊತ್ತ ಟಿ ಕೋಶಗಳನ್ನು (ದೇಹದ ರಕ್ಷಣೆಯ ಒಂದು ಬಗೆಯ ಬಿಳಿ ರಕ್ತಕೋಶ) ಬೇರೆ ಮಾಡಿ, ಉಳಿದ ಟಿ ಕೋಶಗಳನ್ನು ಮಾತ್ರ ಟಿ ಕೋಶವೇ ಇಲ್ಲದ ಇಲಿಗೆ ಕೊಟ್ಟರೆ, ಅದರ ಥೈರಾಯ್ಡ್, ಹೊಟ್ಟೆ, ಅಂಡಾಶಯ ಎಲ್ಲದಕ್ಕೂ ಆಟೋಇಮ್ಯೂನ್ ಕಾಯಿಲೆ, ಅಂದರೆ ದೇಹದ ರಕ್ಷಣಾ ಕೋಶಗಳೇ ದೇಹದ ಮೇಲೆ ಬೀಳುವ ಕಾಯಿಲೆ ಹತ್ತುತ್ತದೆ. ತೆಗೆದ ಕೋಶಗಳನ್ನು ವಾಪಸ್ ಸೇರಿಸಿದರೆ ಕಾಯಿಲೆ ಬರುವುದಿಲ್ಲ. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಸ್ಕರ್ಫಿ ಇಲಿಯ ಜೀನ್ ಪತ್ತೆ ಮಾಡಿದರು. ಅದಕ್ಕೆ ಫಾಕ್ಸ್‌ಪಿ3 ಅಂತ ಹೆಸರಿಟ್ಟರು. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಹಸುಗೂಸಿನಲ್ಲೇ ಭೇದಿ, ಸಕ್ಕರೆ ಕಾಯಿಲೆ, ಚರ್ಮದ ಉರಿಯೂತ ಒಟ್ಟಿಗೆ ಬರುತ್ತವೆ. ಆ ಕಾಯಿಲೆಗೆ ಐಪೆಕ್ಸ್ ಅನ್ನುತ್ತೇವೆ. 2003ರ ಹೊತ್ತಿಗೆ ಎರಡೂ ದಾರಿ ಕೂಡಿದವು. ಸಕಾಗುಚಿ ಹೇಳಿದ ಕೋಶಗಳನ್ನು ರೂಪಿಸುವುದೇ ಫಾಕ್ಸ್‌ಪಿ3 ಅಂತ ಗೊತ್ತಾಯಿತು. ಈ ಮೂವರಿಗೇ 2025ರ ನೊಬೆಲ್ ಬಂದಿದ್ದು.

ಟಿ-ರೆಗ್ ಮಾಡುವ ಕೆಲಸ ಸಾಕಷ್ಟಿದೆ, ಎರಡು ಮಾತ್ರ ಹೇಳುತ್ತೇನೆ. ಬೇರೆ ಟಿ ಕೋಶಗಳು ಬೆಳೆಯಲು ಇಂಟರ್‌ಲ್ಯೂಕಿನ್-2 ಅನ್ನುವ ಪ್ರೋಟೀನ್ ಬೇಕು. ಟಿ-ರೆಗ್ ತನ್ನ ಸಿಡಿ25 ಬಳಸಿ ಅದನ್ನು ಹೀರಿಕೊಂಡುಬಿಡುತ್ತದೆ. ಇನ್ನೊಂದು, ಅದರ ಮೈಮೇಲಿರುವ ಸಿಟಿಎಲ್‌ಎ-4 ಅನ್ನುವ ಅಣು. ಬೇರೆ ಟಿ ಕೋಶಗಳನ್ನು ಎಬ್ಬಿಸಲು ಬೇಕಾದ ಸಂಕೇತದ ಅಣುಗಳನ್ನು ಇದು ಕಿತ್ತುಕೊಳ್ಳುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಅಬಟಾಸೆಪ್ಟ್ ಔಷಧ ಈ ಸಿಟಿಎಲ್‌ಎ-4ರ ತುಂಡಿನಿಂದಲೇ ಮಾಡಿದ್ದು. ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಪಿಲಿಮುಮ್ಯಾಬ್ ಅದೇ ಸಿಟಿಎಲ್‌ಎ-4ನ್ನು ತಡೆಯುತ್ತದೆ. ಒಂದೇ ಅಣು, ಕಾಯಿಲೆ ನೋಡಿಕೊಂಡು ಒಂದು ಕಡೆ ಕೊಡುತ್ತೇವೆ, ಇನ್ನೊಂದು ಕಡೆ ಮುಚ್ಚುತ್ತೇವೆ. ನಿಮ್ಮ ಮನೆಯಲ್ಲಿ ನಡೆಯುತ್ತಿರುವ ‘ತಗ್ಗಿಸು, ಎಬ್ಬಿಸು’ ಇದೇ ಥರದ್ದು.

ಇಷ್ಟು ಗೊತ್ತಾದ ಮೇಲೆ ಎಲ್ಲರೂ ಮಾಡಿದ ಮೊದಲ ಕೆಲಸ ಎಣಿಕೆ. ರಕ್ತದಲ್ಲಿ ಸಿಡಿ4 ಅನ್ನುವ ಗುರುತಿರುವ ಟಿ ಕೋಶಗಳಲ್ಲಿ ನೂರಕ್ಕೆ ಸುಮಾರು 5ರಿಂದ 10 ಟಿ-ರೆಗ್ ಇರುತ್ತವೆ. ಹಾಗಾದರೆ ಲೂಪಸ್‌ನಲ್ಲಿ ಕಡಿಮೆ ಇರಬೇಕು, ಕ್ಯಾನ್ಸರ್‌ನಲ್ಲಿ ಜಾಸ್ತಿ ಇರಬೇಕು, ಅಲ್ವಾ? ಲೆಕ್ಕ ಅಷ್ಟು ಸಲೀಸಾಗಿ ಸಿಗಲಿಲ್ಲ. ಲೂಪಸ್‌ನಲ್ಲಿ ಕೆಲವು ಅಧ್ಯಯನಗಳಿಗೆ ಕಡಿಮೆ ಸಿಕ್ಕವು, ಕೆಲವಕ್ಕೆ ಸಮವಾಗಿ ಸಿಕ್ಕವು, ಕೆಲವಕ್ಕೆ ಜಾಸ್ತಿಯೇ ಸಿಕ್ಕವು. ಕ್ಯಾನ್ಸರ್ ಕಡೆಯೂ ಹಾಗೇ. ಅಂಡಾಶಯದ ಕ್ಯಾನ್ಸರ್ ಗಡ್ಡೆಯಲ್ಲಿ ಟಿ-ರೆಗ್ ಜಾಸ್ತಿ ಇದ್ದವರು ಬೇಗ ತೀರಿಕೊಂಡರು ಅಂತ 2004ರಲ್ಲಿ ಗೊತ್ತಾಯಿತು. ಆದರೆ ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಫಾಕ್ಸ್‌ಪಿ3 ಇರುವ ಕೋಶಗಳು ಜಾಸ್ತಿ ಇದ್ದವರೇ ಚೆನ್ನಾಗಿ ಬದುಕಿದ್ದನ್ನು ಎಷ್ಟೋ ಜನ ನೋಡಿದರು. ತಲೆ ಎಣಿಸಿದರೆ ಸಾಲದು ಅಂತ ಅಲ್ಲಿಗೆ ಖಚಿತವಾಯಿತು. ಎಷ್ಟು ಟಿ-ರೆಗ್ ಇವೆ ಅನ್ನುವುದಕ್ಕಿಂತ, ಅವುಗಳೊಳಗೆ ಯಾವ ರೂಪದ ಫಾಕ್ಸ್‌ಪಿ3 ಇದೆ ಅನ್ನುವುದು ದೊಡ್ಡ ಪ್ರಶ್ನೆ. ನೀವು ಓದಿದ ಸ್ಪ್ಲೈಸಿಂಗ್ ಬರುವುದು ಇಲ್ಲೇ.

ಸ್ಪ್ಲೈಸಿಂಗ್ ಅಂದರೆ ಏನು ಅಂತ ಮಾವನವರಿಗೆ ನಿಮಗಿಂತ ಬೇಗ ಅರ್ಥವಾದೀತು. ವೈಂಡಿಂಗ್‌ನಲ್ಲಿ ಬಾಬಿನ್ ನೂಲನ್ನು ಕೋನ್‌ಗೆ ಸುತ್ತುವಾಗ, ಗಂಟುಗಂಟಾದ ಜಾಗ, ತೀರಾ ತೆಳುವಾದ ಜಾಗ ಬಂದರೆ ಆ ತುಂಡನ್ನು ಕತ್ತರಿಸಿ ಎಸೆದು ಎರಡು ತುದಿಗಳನ್ನು ಮತ್ತೆ ಕೂಡಿಸುತ್ತಾರೆ. ಜೀವಕೋಶವೂ ತನ್ನ ಆರ್‌ಎನ್‌ಎ ನೂಲಿಗೆ ಇದನ್ನೇ ಮಾಡುತ್ತದೆ. ಜೀನ್‌ನಿಂದ ಮೊದಲು ಉದ್ದನೆಯ ಆರ್‌ಎನ್‌ಎ ಬರುತ್ತದೆ. ಅದರಲ್ಲಿ ಪ್ರೋಟೀನಿಗೆ ಬೇಕಾದ ತುಂಡುಗಳಿಗೆ ಎಕ್ಸಾನ್ ಅಂತಲೂ, ನಡುವಿನ ಬೇಡದ ತುಂಡುಗಳಿಗೆ ಇಂಟ್ರಾನ್ ಅಂತಲೂ ಹೆಸರು. ಇಂಟ್ರಾನ್ ಕತ್ತರಿಸಿ, ಎಕ್ಸಾನ್‌ಗಳನ್ನು ಜೋಡಿಸಿದ ಮೇಲೆಯೇ ಪ್ರೋಟೀನ್ ತಯಾರಾಗುವುದು. 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಇದನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. 1993ರಲ್ಲಿ ಅವರಿಗೂ ನೊಬೆಲ್ ಬಂತು. ಆದರೆ ಗಿರಣಿಯವರು ಹಾಳಾದ ತುಂಡನ್ನಷ್ಟೇ ಎಸೆಯುತ್ತಾರೆ. ಜೀವಕೋಶ ಕೆಲವು ಸಲ ಒಳ್ಳೆಯ ಎಕ್ಸಾನನ್ನೂ ಬಿಟ್ಟು ಜೋಡಿಸುತ್ತದೆ. ಆಗ ಅದೇ ಜೀನ್‌ನಿಂದ ಬೇರೆ ಪ್ರೋಟೀನ್ ಬರುತ್ತದೆ. ಒಂದಕ್ಕಿಂತ ಹೆಚ್ಚು ಎಕ್ಸಾನ್ ಇರುವ ಮನುಷ್ಯನ ಜೀನ್‌ಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಹೀಗೆ ಬೇರೆ ಬೇರೆ ರೀತಿಯಲ್ಲಿ ಜೋಡಣೆಯಾಗುತ್ತವೆ ಅಂತ 2008ರಲ್ಲೇ ಗೊತ್ತಾಗಿದೆ. ಗಮನಿಸಿ, ಇಲ್ಲಿ ಡಿಎನ್‌ಎ ಬದಲಾಗುವುದಿಲ್ಲ. ಯಾರೋ ಹೊರಗಿನಿಂದ ಜೀನ್ ಕತ್ತರಿಸುವ ತಂತ್ರವೂ ಇದಲ್ಲ. ಇದು ದಿನದ ಅಷ್ಟೂ ಹೊತ್ತು ನಿಮ್ಮ ದೇಹದಲ್ಲಿ ಕೋಶಕೇಂದ್ರ ಇರುವ ಜೀವಕೋಶಗಳಲ್ಲೆಲ್ಲ ತಾನಾಗೇ ನಡೆಯುವ ಕೆಲಸ.

ಫಾಕ್ಸ್‌ಪಿ3ಗೆ ಬರೋಣ. ಈ ಜೀನ್‌ನಿಂದ ಬರುವ ಪ್ರೋಟೀನಿಗೂ ಅದೇ ಹೆಸರು, ಅದರ ಪೂರ್ತಿ ರೂಪದಲ್ಲಿ 431 ಅಮೈನೋ ಆಮ್ಲಗಳಿವೆ. ಜೀನ್‌ನ ಎರಡನೇ ಎಕ್ಸಾನ್‌ನಲ್ಲಿ 105 ಅಕ್ಷರಗಳು. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ ಅಂತ ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ. 105ನ್ನು ಮೂರರಿಂದ ಭಾಗಿಸಿದರೆ 35, ಶೇಷ ಇಲ್ಲ. ಹಾಗಾಗಿ ಈ ಎಕ್ಸಾನ್ ಬಿಟ್ಟು ಜೋಡಿಸಿದರೂ ಮುಂದಿನ ಓದು ಕೆಡುವುದಿಲ್ಲ. 35 ಅಮೈನೋ ಆಮ್ಲ ಕಡಿಮೆ ಇರುವ, ಆದರೆ ಉಳಿದದ್ದೆಲ್ಲ ಸರಿಯಾಗಿರುವ ಗಿಡ್ಡ ಫಾಕ್ಸ್‌ಪಿ3 ಸಿಗುತ್ತದೆ. ಆರೋಗ್ಯವಂತ ಮನುಷ್ಯನ ಟಿ-ರೆಗ್‌ನಲ್ಲಿ ಪೂರ್ತಿ ರೂಪವೂ, ಈ ಗಿಡ್ಡ ರೂಪವೂ ಎರಡೂ ಇರುತ್ತವೆ. ಇಲಿಯಲ್ಲಿ ಮಾತ್ರ ಪೂರ್ತಿ ರೂಪ ಒಂದೇ. ಟಿ-ರೆಗ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಇಲಿಯಿಂದ ಬಂದದ್ದು. ಮನುಷ್ಯರಲ್ಲಿ ಎರಡು ರೂಪ ಇವೆ ಅನ್ನುವ ವಿಷಯಕ್ಕೆ ತುಂಬಾ ವರ್ಷ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆ 35 ಅಮೈನೋ ಆಮ್ಲಗಳಿಗೆ ಅಷ್ಟೇನು ಬೆಲೆ? ನಮ್ಮ ದೇಹದಲ್ಲಿ ಟಿಎಚ್17 ಅಂತ ಇನ್ನೊಂದು ಜಾತಿಯ ಟಿ ಕೋಶಗಳಿವೆ. ಶಿಲೀಂಧ್ರ, ಕೆಲವು ಬ್ಯಾಕ್ಟೀರಿಯಾಗಳ ವಿರುದ್ಧ ಅವು ಬೇಕೇಬೇಕು. ಆದರೆ ಹದ ತಪ್ಪಿದರೆ ಉರಿಯೂತ ತರುವವೂ ಅವೇ. ಒಂದು ಕೋಶ ಟಿಎಚ್17 ಆಗಲು ಆರ್‌ಒಆರ್-ಗಾಮಾ-ಟಿ ಅನ್ನುವ ಪ್ರೋಟೀನ್ ಕೆಲಸ ಮಾಡಬೇಕು. ಫಾಕ್ಸ್‌ಪಿ3 ಹೋಗಿ ಅದನ್ನು ಹಿಡಿದು ಕೂರುವುದು ಈ ಎರಡನೇ ಎಕ್ಸಾನ್‌ನ ಭಾಗದಿಂದಲೇ. ಎಕ್ಸಾನ್ 2 ಇಲ್ಲದ ಗಿಡ್ಡ ರೂಪಕ್ಕೆ ಆ ಹಿಡಿತ ಇಲ್ಲ. ಅದು ಬೇರೆ ಎಷ್ಟೋ ಕೆಲಸ ಮಾಡುತ್ತದೆ, ಈ ಕೆಲಸ ಮಾಡುವುದಿಲ್ಲ.

ಇದು ಎಷ್ಟು ಮುಖ್ಯ ಅಂತ ತೋರಿಸಿದ್ದು 2022ರ ಒಂದು ಅಧ್ಯಯನ. ಐಪೆಕ್ಸ್ ಇರುವ ರೋಗಿಯಲ್ಲಿ ಎರಡನೇ ಎಕ್ಸಾನ್‌ನೊಳಗೇ ದೋಷ ಇತ್ತು. ಪೂರ್ತಿ ಫಾಕ್ಸ್‌ಪಿ3 ತಯಾರಾಗುತ್ತಿರಲಿಲ್ಲ, ಗಿಡ್ಡ ರೂಪ ಮಾತ್ರ ಇತ್ತು. ಅದೊಂದೇ ಸಾಕಾಗಲಿಲ್ಲ, ಕಾಯಿಲೆ ಬಂತು. ಇಲಿಯಲ್ಲಿ ಎರಡನೇ ಎಕ್ಸಾನ್ ತೆಗೆದು ನೋಡಿದಾಗ ಅದಕ್ಕೆ ಬಂದದ್ದು ಲೂಪಸ್ ಹೋಲುವ ಕಾಯಿಲೆ. ಟಿ-ರೆಗ್ ಹುಟ್ಟುತ್ತಿದ್ದವು, ಆದರೆ ಟಿ-ರೆಗ್ ಆಗಿಯೇ ಉಳಿಯುತ್ತಿರಲಿಲ್ಲ. ಕ್ರಮೇಣ ತಮ್ಮ ಗುಣ ಕಳೆದುಕೊಂಡು ಉರಿಯೂತ ತರುವ ಕೋಶಗಳ ಕಡೆಗೆ ವಾಲುತ್ತಿದ್ದವು.

ಏಳನೇ ಎಕ್ಸಾನ್ ಬಿಟ್ಟ ರೂಪವೂ ಒಂದಿದೆ. ಅಲ್ಲಿ ಹೋಗುವುದು 27 ಅಮೈನೋ ಆಮ್ಲ, ಫಾಕ್ಸ್‌ಪಿ3 ಅಣುಗಳು ಒಂದನ್ನೊಂದು ಜೋಡಿಯಾಗಿ ಹಿಡಿಯಲು ಬೇಕಾದ ಜಾಗ. ಈ ರೂಪ ಬಂದರೆ ಕೋಶ ಟಿಎಚ್17 ದಾರಿ ಹಿಡಿಯುವುದು ಸುಲಭ. ಉರಿಯೂತದಲ್ಲಿ ಹೇರಳವಾಗಿ ಹೊರಬರುವ ಇಂಟರ್‌ಲ್ಯೂಕಿನ್-1 ಬೀಟಾ ಇಂಥ ಜೋಡಣೆಯನ್ನು ಜಾಸ್ತಿ ಮಾಡುತ್ತದೆ ಅಂತ ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆಯ ಬಗ್ಗೆ ನಡೆದ ಕೆಲಸದಲ್ಲಿ 2015ರಲ್ಲಿ ಗೊತ್ತಾಯಿತು. ಅಂದರೆ ಉರಿಯೂತ ಬಂದ ಮೇಲೆ, ಅದನ್ನು ಆರಿಸಬೇಕಾದ ಕೋಶದ ಜೋಡಣೆಯನ್ನೇ ಅದು ಕೆಡಿಸುತ್ತದೆ. ಲೂಪಸ್ ಉಲ್ಬಣವಾದಾಗ ‘ಸ್ವಲ್ಪ ದಿನ ತಡೆದು ನೋಡೋಣ’ ಅನ್ನಬೇಡಿ ಅಂತ ನಾವು ಬೇಡಿಕೊಳ್ಳುವುದಕ್ಕೆ ಇಂಥ ಕಾರಣಗಳೂ ಇವೆ.

ಇದನ್ನು ಪ್ರಯೋಗಾಲಯದಲ್ಲಿ ನೋಡುವುದು ಹೇಗೆ ಅಂತ ವಿಜ್ಞಾನ ಟೀಚರ್ ಆದ ನಿಮಗೆ ಹೇಳಲೇಬೇಕು. ರಕ್ತದ ಬಿಳಿಕೋಶಗಳನ್ನು ಬೇರೆ ಮಾಡಿ, ಕೋಶದ ಪೊರೆಯಲ್ಲಿ ಸಣ್ಣ ತೂತುಗಳಾಗುವಂತೆ ಮಾಡಿ, ಹೊಳೆಯುವ ಬಣ್ಣ ಅಂಟಿಸಿದ ಎರಡು ಪ್ರತಿಕಾಯಗಳನ್ನು ಒಳಗೆ ಬಿಡುತ್ತೇವೆ. ಪಿಸಿಎಚ್101 ಅನ್ನುವ ಪ್ರತಿಕಾಯ ಫಾಕ್ಸ್‌ಪಿ3ಯ ಎಲ್ಲ ರೂಪಗಳಿಗೂ ಅಂಟುತ್ತದೆ. 150ಡಿ ಅನ್ನುವುದು ಎರಡನೇ ಎಕ್ಸಾನ್‌ನ ಭಾಗ ಇದ್ದರೆ ಮಾತ್ರ ಅಂಟುತ್ತದೆ. ಆಮೇಲೆ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಕೋಶಗಳು ಒಂದರ ಹಿಂದೊಂದು ಲೇಸರ್ ಮುಂದೆ ಹಾದುಹೋಗುತ್ತವೆ. ಪ್ರತಿ ಕೋಶವೂ ಪರದೆಯ ಮೇಲೆ ಒಂದು ಚುಕ್ಕೆ. ಮೊದಲ ಬಣ್ಣ ಜೋರಾಗಿದ್ದು ಎರಡನೆಯದು ಮಂಕಾಗಿದ್ದರೆ, ಆ ಕೋಶದಲ್ಲಿ ಗಿಡ್ಡ ರೂಪದ್ದೇ ಮೇಲುಗೈ. ನೋಡಲು ಸುಲಭ ಅನಿಸುತ್ತದೆ, ಆದರೆ ತೊಡಕಿದೆ. ಮನುಷ್ಯರಲ್ಲಿ ಸಾಮಾನ್ಯ ಟಿ ಕೋಶವೂ ಕೆರಳಿದಾಗ ಸ್ವಲ್ಪ ಕಾಲ ಫಾಕ್ಸ್‌ಪಿ3 ತೋರಿಸುತ್ತದೆ. ಅದು ಟಿ-ರೆಗ್ ಅಲ್ಲ. ಲೂಪಸ್‌ನಲ್ಲಿ ಇಂಥ ಕೆರಳಿದ ಕೋಶಗಳು ಜಾಸ್ತಿ ಇರುತ್ತವೆ. ಹಳೆಯ ಎಣಿಕೆಗಳು ಒಂದಕ್ಕೊಂದು ಹೊಂದದೇ ಹೋಗಿದ್ದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಎಕ್ಸಾನ್ 2 ಇರಬೇಕಾ, ಹೋಗಬೇಕಾ ಅಂತ ಕೋಶದಲ್ಲಿ ತೀರ್ಮಾನಿಸುವುದು ಯಾವುದು? ಇದಕ್ಕೆ ಒಂದೇ ಉತ್ತರ ಇಲ್ಲ. 2015ರಲ್ಲಿ ಇಟಲಿಯ ನೇಪಲ್ಸ್‌ನ ತಂಡ ತೋರಿಸಿದ್ದು, ಕೋಶ ಗ್ಲೂಕೋಸನ್ನು ಒಡೆದು ಬಳಸುವ ರೀತಿಗೂ ಇದಕ್ಕೂ ನಂಟಿದೆ ಅಂತ. ಗ್ಲೂಕೋಸ್ ಒಡೆಯುವ ಕೆಲಸದಲ್ಲಿ ಎನೊಲೇಸ್-1 ಅನ್ನುವ ಕಿಣ್ವ ಇದೆ. ಆ ಕೆಲಸ ನಿಂತಾಗ ಎನೊಲೇಸ್ ಕೋಶಕೇಂದ್ರಕ್ಕೆ ಹೋಗಿ ಫಾಕ್ಸ್‌ಪಿ3 ಜೀನ್ ಮೇಲೆ ಕೂತು, ಎಕ್ಸಾನ್ 2 ಇರುವ ರೂಪವನ್ನು ತಗ್ಗಿಸುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಮತ್ತು ಟೈಪ್ 1 ಸಕ್ಕರೆ ಕಾಯಿಲೆ ಇರುವವರ ಕೋಶಗಳಲ್ಲಿ ಈ ವ್ಯವಸ್ಥೆ ಕುಂಟುತ್ತಿತ್ತು. ನಿಮಗೆ ಯಾರೋ ಹೇಳಿದ ಸಕ್ಕರೆಯ ಮಾತು ಇಂಥ ಕೆಲಸಗಳಿಂದಲೇ ಹರಡಿರಬೇಕು. ಆದರೆ ನೋಡಿ, ಈ ಪ್ರಯೋಗದ ಪ್ರಕಾರ ಗ್ಲೂಕೋಸ್ ಬಳಕೆ ನಿಂತರೆ ಪೂರ್ತಿ ರೂಪ ಕಡಿಮೆಯಾಗುತ್ತದೆ! ಸಕ್ಕರೆ ಬಿಡಿ ಅನ್ನುವವರ ಮಾತಿಗೆ ಪೂರ್ತಿ ಉಲ್ಟಾ. ಹಾಗಂತ ಸಕ್ಕರೆ ತಿನ್ನಿ ಅಂತಲೂ ಅರ್ಥ ಅಲ್ಲ. ಅದು ಗಾಜಿನ ತಟ್ಟೆಯಲ್ಲಿ, ಔಷಧ ಹಾಕಿ ಕೋಶದ ಗ್ಲೂಕೋಸ್ ಬಳಕೆಯನ್ನು ತಡೆದು ನೋಡಿದ್ದು. ನೀವು ಕಾಫಿಗೆ ಸಕ್ಕರೆ ಹಾಕಿದರೂ ಬಿಟ್ಟರೂ ನಿಮ್ಮ ದೇಹ ರಕ್ತದ ಗ್ಲೂಕೋಸನ್ನು ಒಂದು ಮಿತಿಯಲ್ಲೇ ಇಟ್ಟುಕೊಳ್ಳುತ್ತದೆ. ಸ್ಟಿರಾಯ್ಡ್ ಮಾತ್ರೆಯಿಂದ ರಕ್ತದ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ತೂಕ ಹೆಚ್ಚುತ್ತದೆ. ಆ ಕಾರಣಕ್ಕೆ ಸಿಹಿ ಕಡಿಮೆ ಮಾಡಿ. ಟಿ-ರೆಗ್ ಹೆಸರಿನಲ್ಲಿ ಬೆಣ್ಣೆ ದೋಸೆ ಬಿಟ್ಟು ಮನಸ್ಸಿಗೆ ಬೇಜಾರು ಮಾಡಿಕೊಳ್ಳಬೇಡಿ, ಯಾವಾಗಲಾದರೊಮ್ಮೆ ತಿಂದರೆ ತೊಂದರೆ ಇಲ್ಲ.

ಜೋಡಣೆ ಮಾಡುವ ಯಂತ್ರಾಂಗದಲ್ಲೇ ವ್ಯತ್ಯಾಸ ಆಗುವುದೂ ಇದೆ. ಫಾಕ್ಸ್‌ಪಿ3ಯ ಇಂಟ್ರಾನ್‌ಗಳು ಸ್ವಲ್ಪ ಹಟಮಾರಿ. ಬೇರೆ ಜೀನ್‌ಗಳ ಇಂಟ್ರಾನ್‌ನಷ್ಟು ಸಲೀಸಾಗಿ ಕತ್ತರಿಸಿ ಬರುವುದಿಲ್ಲ. ಅವಕ್ಕೆ ಡಿಡಿಎಕ್ಸ್39ಬಿ ಅನ್ನುವ ಪ್ರೋಟೀನ್‌ನ ನೆರವು ಜಾಸ್ತಿ ಬೇಕು, ಅದು ಕಡಿಮೆಯಾದರೆ ಫಾಕ್ಸ್‌ಪಿ3 ಆರ್‌ಎನ್‌ಎ ಸರಿಯಾಗಿ ಜೋಡಣೆಯಾಗದೆ ಟಿ-ರೆಗ್ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ ಅಂತ 2023ರಲ್ಲಿ ತಿಳಿಯಿತು. ನಿಮ್ಮ ಕಾಯಿಲೆಗೆ ಇನ್ನೂ ಹತ್ತಿರದ್ದು ಎಸ್‌ಆರ್‌ಎಸ್‌ಎಫ್1. ಇದು ಯಾವ ಎಕ್ಸಾನ್ ಉಳಿಸಿಕೊಳ್ಳಬೇಕು ಅಂತ ಗುರುತು ಹಾಕುವ ಪ್ರೋಟೀನ್. ಲೂಪಸ್ ಇರುವವರ ಟಿ ಕೋಶಗಳಲ್ಲಿ ಇದು ಕಡಿಮೆ ಇರುವುದನ್ನು ಬಾಸ್ಟನ್ನಿನ ಸಂಶೋಧಕರು ಕಂಡರು. ಟಿ-ರೆಗ್‌ನಲ್ಲಿ ಮಾತ್ರ ಇದನ್ನು ಇಲ್ಲವಾಗಿಸಿದ ಇಲಿಗಳಿಗೂ ಆಟೋಇಮ್ಯೂನ್ ಕಾಯಿಲೆ ಬಂತು. ಇದು ಫಾಕ್ಸ್‌ಪಿ3 ಒಂದರ ವಿಷಯ ಅಲ್ಲ, ಎಸ್‌ಆರ್‌ಎಸ್‌ಎಫ್1 ನೂರಾರು ಜೀನ್‌ಗಳ ಜೋಡಣೆಯಲ್ಲಿ ಕೈಯಾಡಿಸುತ್ತದೆ. ಹಾಗಾಗಿ ‘ಲೂಪಸ್‌ಗೆ ಕಾರಣ ಸ್ಪ್ಲೈಸಿಂಗ್’ ಅಂತ ಒಂದೇ ಸಾಲಿನಲ್ಲಿ ಹೇಳಿದರೆ ನಾನು ಒಪ್ಪುವುದಿಲ್ಲ. ಹಾರ್ಮೋನ್, ಬಿಸಿಲು, ಸೋಂಕು, ಹತ್ತಾರು ಜೀನ್‌ಗಳು, ಇವೆಲ್ಲದರ ಜೊತೆಗೆ ಇದೂ ಒಂದು ಎಳೆ. ಆದರೆ ಗಟ್ಟಿ ಎಳೆ.

ಸಿಟಿಎಲ್‌ಎ-4ರ ವಿಷಯ ಆಗಲೇ ಹೇಳಿದೆನಲ್ಲ, ಅದಕ್ಕೂ ಸ್ಪ್ಲೈಸಿಂಗ್ ನಂಟಿದೆ. ಅದರ ಮೂರನೇ ಎಕ್ಸಾನ್ ಬಿಟ್ಟು ಜೋಡಿಸಿದರೆ ಅಣುವನ್ನು ಕೋಶದ ಪೊರೆಗೆ ಸಿಕ್ಕಿಸುವ ಭಾಗವೇ ಹೋಗುತ್ತದೆ. ಆಗ ಅದು ಕೋಶದ ಮೇಲೆ ನಿಲ್ಲದೆ ರಕ್ತದಲ್ಲಿ ಕರಗಿ ಓಡಾಡುತ್ತದೆ. ಈ ಕರಗುವ ರೂಪದ ಪ್ರಮಾಣಕ್ಕೂ ಥೈರಾಯ್ಡ್‌ನ ಆಟೋಇಮ್ಯೂನ್ ಕಾಯಿಲೆಗೂ ಸಂಬಂಧ ಇದೆ ಅಂತ 2003ರಿಂದಲೇ ಚರ್ಚೆ ನಡೆದಿದೆ.

ಈಗ ಮಾವನವರ ಕಡೆ. ಕ್ಯಾನ್ಸರ್ ಗಡ್ಡೆ ಟಿ-ರೆಗ್ ಕೋಶಗಳನ್ನು ತನ್ನತ್ತ ಕರೆಸಿಕೊಳ್ಳುತ್ತದೆ. ಗಡ್ಡೆಯನ್ನು ಕೊಲ್ಲಬೇಕಾದ ಟಿ ಕೋಶಗಳು ಅಲ್ಲಿಗೆ ಬಂದರೂ ಸುಮ್ಮನಾಗುತ್ತವೆ. ದೊಡ್ಡಕರುಳಿನ ಕ್ಯಾನ್ಸರ್‌ನ ಒಗಟು ಹೇಳಿದೆನಲ್ಲ, ಅದನ್ನು ಬಿಡಿಸುವಲ್ಲಿ 2016ರಲ್ಲಿ ಸಕಾಗುಚಿಯವರ ತಂಡವೇ ದೊಡ್ಡ ಹೆಜ್ಜೆ ಇಟ್ಟಿತು. ಕೆಲವರ ಗಡ್ಡೆಯಲ್ಲಿ ಫಾಕ್ಸ್‌ಪಿ3 ತುಂಬಾ ಇರುವ, ನಿಜವಾಗಿ ತಡೆಯೊಡ್ಡುವ ಟಿ-ರೆಗ್ ಇದ್ದವು. ಇನ್ನು ಕೆಲವರಲ್ಲಿ ಫಾಕ್ಸ್‌ಪಿ3 ಸ್ವಲ್ಪವೇ ಇರುವ, ತಡೆಯೊಡ್ಡದೆ ಉರಿಯೂತ ತರುವ ಕೋಶಗಳು ಸೇರಿಕೊಂಡಿದ್ದವು. ಹಳೆಯ ಎಣಿಕೆಯಲ್ಲಿ ಎರಡೂ ಒಂದೇ ಲೆಕ್ಕಕ್ಕೆ ಬಿದ್ದಿದ್ದವು. ಎರಡನೇ ಗುಂಪಿನವರೇ ಚೆನ್ನಾಗಿ ಬದುಕಿದವರು. ಈ ಕೋಶಗಳನ್ನು ಬೇರ್ಪಡಿಸಲು ಬಳಸುವ ಗುರುತು ಸಿಡಿ45. ಅದೂ ಸ್ಪ್ಲೈಸಿಂಗ್‌ನ ಫಲವೇ. ಸಿಡಿ45 ಜೀನ್‌ನ 4, 5, 6ನೇ ಎಕ್ಸಾನ್‌ಗಳಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಬಿಡುತ್ತದೆ ಅನ್ನುವುದನ್ನು ನೋಡಿ ಆ ಟಿ ಕೋಶ ಇನ್ನೂ ಹೊಸದಾ, ಕೆಲಸಕ್ಕೆ ಇಳಿದದ್ದಾ ಅಂತ ಹೇಳುತ್ತೇವೆ.

ಇದರಿಂದ ನಿಮಗೆ ಒಂದು ಆಸೆ ಹುಟ್ಟಬಹುದು. ಗಡ್ಡೆಯೊಳಗಿನ ಟಿ-ರೆಗ್‌ನಲ್ಲಿ ಮಾತ್ರ ಫಾಕ್ಸ್‌ಪಿ3ಯ ಜೋಡಣೆ ಬದಲಿಸಿ ಅದನ್ನು ದುರ್ಬಲ ಮಾಡಬಹುದಲ್ಲ? ಲೂಪಸ್ ಇರುವವರಲ್ಲಿ ಇದೇ ಜೋಡಣೆಯನ್ನು ಪೂರ್ತಿ ರೂಪದ ಕಡೆ ತಿರುಗಿಸಬಹುದಲ್ಲ? ಆಸೆ ತಪ್ಪಲ್ಲ. ಸ್ಪ್ಲೈಸಿಂಗ್ ಬದಲಿಸುವ ಔಷಧ ಈಗಾಗಲೇ ಇದೆ. ಬೆನ್ನುಹುರಿಯ ನರಕೋಶಗಳು ಸಾಯುವ ಎಸ್‌ಎಂಎ ಅನ್ನುವ ಮಕ್ಕಳ ಕಾಯಿಲೆಗೆ 2016ರಲ್ಲಿ ಬಂದ ನುಸಿನರ್ಸೆನ್ ಮಾಡುವುದು ಇದನ್ನೇ. ಎಸ್‌ಎಂಎನ್2 ಜೀನ್‌ನಲ್ಲಿ ಬಿಟ್ಟುಹೋಗುತ್ತಿದ್ದ ಏಳನೇ ಎಕ್ಸಾನನ್ನು ಮತ್ತೆ ಸೇರಿಸುತ್ತದೆ. 2020ರಲ್ಲಿ ಬಂದ ರಿಸ್ಡಿಪ್ಲಾಮ್ ಬಾಯಿಂದ ಕೊಡುವ ಔಷಧ, ಅದರ ಕೆಲಸವೂ ಅದೇ. ಫಾಕ್ಸ್‌ಪಿ3 ಜೋಡಣೆಯನ್ನು ನುಸಿನರ್ಸೆನ್‌ನಂಥ, ಆರ್‌ಎನ್‌ಎಗೆ ಅಂಟುವ ಕೃತಕ ನೂಲೆಳೆಗಳಿಂದ ಬದಲಿಸುವುದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಮಾಡಿ ನೋಡಿದ್ದಾರೆ. ಕಷ್ಟ ಇರುವುದು ಔಷಧವನ್ನು ಬೇಕಾದ ಕೋಶಕ್ಕೆ ಮಾತ್ರ ತಲುಪಿಸುವುದರಲ್ಲಿ. ನುಸಿನರ್ಸೆನ್ ಅನ್ನು ಬೆನ್ನುಹುರಿಯ ದ್ರವಕ್ಕೇ ಚುಚ್ಚಿ ಕೊಡಬಹುದು. ಟಿ-ರೆಗ್ ಮೈಯೆಲ್ಲ ಓಡಾಡುವ ಕೋಶ. ಗಡ್ಡೆಯಲ್ಲಿ ಅದನ್ನು ದುರ್ಬಲ ಮಾಡಲು ಹೋಗಿ ಕರುಳು, ಥೈರಾಯ್ಡ್ ಎಲ್ಲ ಕಡೆಯೂ ದುರ್ಬಲ ಮಾಡಿದರೆ ಮಾವನವರಿಗೂ ನಿಮ್ಮಂಥದ್ದೇ ಕಾಯಿಲೆ ಅಂಟಿಕೊಳ್ಳುತ್ತದೆ. ಅದಕ್ಕೇ ಸದ್ಯ ಕ್ಯಾನ್ಸರ್ ಸಂಶೋಧಕರ ಕಣ್ಣು ಸಿಸಿಆರ್8 ಅನ್ನುವ ಗುರುತಿನ ಮೇಲಿದೆ. ಗಡ್ಡೆಯೊಳಗಿನ ಟಿ-ರೆಗ್ ಮೇಲೆ ಅದು ಜಾಸ್ತಿ, ಬೇರೆ ಕಡೆ ಕಡಿಮೆ. ಅದಕ್ಕೆ ಅಂಟುವ ಪ್ರತಿಕಾಯಗಳನ್ನು ರೋಗಿಗಳಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ.

ಮಾವನವರು ತೆಗೆದುಕೊಳ್ಳುತ್ತಿರುವ ನಿವೊಲುಮ್ಯಾಬ್ ನೇರವಾಗಿ ಟಿ-ರೆಗ್ ಔಷಧ ಅಲ್ಲ. ಅದು ಟಿ ಕೋಶಗಳ ಮೇಲಿರುವ ಪಿಡಿ-1 ಅನ್ನುವ ತಡೆಯನ್ನು ತೆಗೆಯುತ್ತದೆ. ಕಡಿಮೆ ಡೋಸ್ ಅಂದರೆ ಕಳಪೆ ಚಿಕಿತ್ಸೆ ಅಂತ ತಿಳಿಯಬೇಡಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಸಾಮಾನ್ಯ ಡೋಸ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದು. ಬಾಯಿಂದ ಕೊಡುವ ಮೂರು ಮಾತ್ರೆಗಳ ಜೊತೆ ಇದನ್ನು ಸೇರಿಸಿದಾಗ, ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ನೂರಕ್ಕೆ 16ರಿಂದ 43ಕ್ಕೆ ಏರಿತು. 2023ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮಂಥ ಊರುಗಳಿಗೆ ದೊಡ್ಡ ವರ, ಪೂರ್ತಿ ಡೋಸ್‌ನ ಖರ್ಚು ಎಷ್ಟು ಮನೆಗಳು ತಡೆದಾವು? ಈ ಔಷಧದಲ್ಲಿ ಇರುವಾಗ ದಿನಕ್ಕೆ ಹಲವು ಸಲ ಭೇದಿ, ಉಸಿರಾಟದ ತೊಂದರೆ, ಕಣ್ಣು ಹಳದಿ, ವಿಪರೀತ ಸುಸ್ತು ಕಂಡರೆ ಮುಂದಿನ ಇಂಜೆಕ್ಷನ್ ದಿನಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಮತ್ತೆ ಒಂದು ಮಾತು, ಮಾವನವರು ಈಗಲೂ ಅಡಿಕೆ ಹಾಕುತ್ತಿದ್ದರೆ ದಯವಿಟ್ಟು ಬಿಡಿಸಿ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ‘ಕ್ಯಾನ್ಸರ್ ತರುವುದು ಖಚಿತ’ ಅನ್ನುವ ಮೊದಲ ಪಟ್ಟಿಗೆ ಸೇರಿಸಿದೆ. ಚನ್ನಗಿರಿ ಕಡೆಯ ಬೆಳೆಗಾರರಿಗೆ ಈ ಮಾತು ನೋವು ಕೊಡುತ್ತದೆ ಅಂತ ಗೊತ್ತು. ಆದರೂ ಹೇಳದೆ ಇರಲಾರೆ.

ಪರೀಕ್ಷೆ ಕೇಳಿದ್ದಿರಿ. ಫಾಕ್ಸ್‌ಪಿ3 ಸ್ಪ್ಲೈಸಿಂಗ್ ನೋಡಿ ಲೂಪಸ್ ಔಷಧ ಬದಲಿಸುವ ಪರೀಕ್ಷೆ ಆಸ್ಪತ್ರೆಗಳ ಬಳಕೆಗೆ ಬಂದಿಲ್ಲ. ಯಾರಾದರೂ ‘ಟಿ-ರೆಗ್ ಪ್ಯಾಕೇಜ್’ ಅಂತ ಮಾರಿದರೆ ದುಡ್ಡು ಕೊಡಬೇಡಿ. ನಿಮಗೆ ಬೇಕಾದ್ದು ಮೂತ್ರದಲ್ಲಿ ಪ್ರೋಟೀನ್, ರಕ್ತದ ಕಣಗಳ ಎಣಿಕೆ, ಡಿಎನ್‌ಎ ವಿರುದ್ಧದ ಪ್ರತಿಕಾಯ, ಸಿ3, ಸಿ4 ಅನ್ನುವ ರಕ್ತದ ಪ್ರೋಟೀನ್‌ಗಳ ಮಟ್ಟ. ಇವನ್ನು ಡಾಕ್ಟರು ಹೇಳಿದ ಹಾಗೆ ತಪ್ಪದೆ ಮಾಡಿಸಿ. ಮೂತ್ರಪಿಂಡಕ್ಕೆ ತೊಂದರೆ ಶುರುವಾದರೆ ಮೊದಲು ಸುಳಿವು ಸಿಗುವುದು ಮೂತ್ರದಲ್ಲೇ. ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್ ಮರುಕಳಿಸುವುದನ್ನು ಕಡಿಮೆ ಮಾಡುವ ಮಾತ್ರೆ, ಚೆನ್ನಾಗಿದ್ದೀನಿ ಅಂತ ನಿಲ್ಲಿಸಬೇಡಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ತೋರಿಸಿ. ಸ್ಟಿರಾಯ್ಡನ್ನು ನೀವಾಗೇ ಏಕಾಏಕಿ ಬಿಡಬೇಡಿ. ಏಪ್ರಿಲ್, ಮೇ ತಿಂಗಳ ಇಲ್ಲಿನ ಬಿಸಿಲು ಲೂಪಸ್‌ಗೆ ಒಳ್ಳೆಯದಲ್ಲ. ಮೈದಾನದಲ್ಲಿ ಪ್ರಾರ್ಥನೆಗೆ ನಿಲ್ಲುವುದಿದ್ದರೂ ತುಂಬುತೋಳು, ಕೊಡೆ ಇರಲಿ.

ಮಗಳ ವಿಷಯ. ಲೂಪಸ್ ಇರುವವರ ಮಕ್ಕಳಿಗೆ ಬೇರೆಯವರಿಗಿಂತ ಸಾಧ್ಯತೆ ಸ್ವಲ್ಪ ಜಾಸ್ತಿ ಇರುವುದು ನಿಜ. ಆದರೂ ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ. ಐಪೆಕ್ಸ್ ಥರ ಒಂದೇ ಜೀನ್‌ನಿಂದ ನೇರವಾಗಿ ಇಳಿದು ಬರುವ ಕಾಯಿಲೆ ನಿಮ್ಮದಲ್ಲ. ಸ್ಪ್ಲೈಸಿಂಗ್ ಅನ್ನುವುದು ಆಯಾ ಕೋಶದಲ್ಲಿ, ಆಯಾ ಹೊತ್ತಿನ ಸ್ಥಿತಿ ನೋಡಿಕೊಂಡು ನಡೆಯುವ ಕೆಲಸ. ಈಗ ನಿಮ್ಮ ಕೋಶಗಳಲ್ಲಿ ಇರುವ ಜೋಡಣೆ ಹಾಗೇ ಮಗಳಿಗೆ ದಾಟುವುದಿಲ್ಲ. ಆರಾಮಾಗಿರುವ ಹುಡುಗಿಗೆ ಎಎನ್‌ಎ ಅನ್ನುವ, ಲೂಪಸ್ ಅನುಮಾನ ಬಂದಾಗ ಮಾಡುವ ರಕ್ತ ಪರೀಕ್ಷೆ ಮಾಡಿಸಬೇಡಿ. ಆರೋಗ್ಯವಾಗಿರುವ ಎಷ್ಟೋ ಜನರಲ್ಲಿ ಅದು ಸ್ವಲ್ಪ ಪಾಸಿಟಿವ್ ಬರುತ್ತದೆ, ಸುಮ್ನೆ ಭಯ ಹುಟ್ಟಿಸುತ್ತದೆ. ವಾರಗಟ್ಟಲೆ ಕೀಲು ನೋವು, ಬಿಸಿಲಿಗೆ ಹೋದಾಗ ಕೆನ್ನೆ ಮೇಲೆ ಕೆಂಪು ಗಂಧೆ, ಕಾರಣವಿಲ್ಲದ ಜ್ವರ, ಬಾಯಿಯಲ್ಲಿ ಪದೇಪದೇ ಹುಣ್ಣು, ಕೂದಲು ಜೊಂಪೆ ಜೊಂಪೆ ಉದುರುವುದು, ಇವುಗಳಲ್ಲಿ ಒಂದೆರಡು ಒಟ್ಟಿಗೆ ಕಂಡರೆ ಆಗ ನಿಮ್ಮ ಡಾಕ್ಟರಿಗೇ ತೋರಿಸಿ. ಮನೆಯಲ್ಲಿ ಅಮ್ಮನಿಗೆ ಲೂಪಸ್ ಇದೆ ಅನ್ನುವುದನ್ನು ಮೊದಲೇ ಹೇಳಿ.